ಸತ್ತ ಜೇಡ ಕಾಲು ಮಡಚಿಕೊಳ್ಳುವುದೇಕೆ? – ಸಂಪಾದಕರ ಉತ್ತರ

ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಕಳೆದ ಸಂಚಿಕೆಯ ಮಿಡತೆ ಲೇಖನದಲ್ಲಿ ‘ಸ್ನಾಯು ಹಿಗ್ಗಿ ಕಾಲನ್ನು ಹಿಂದಕ್ಕೆ ತಳ್ಳುತ್ತದೆ’ ಎಂದು ಬರೆದಿದ್ದೆವು. ಏಳನೇ ತರಗತಿ ಓದುವ ನಿಮ್ಮ ಮಗಳು ಅದನ್ನು ನೋಡಿ, ‘ಸ್ನಾಯು ಎಳೆಯುತ್ತೆ ಅಷ್ಟೇ, ತಳ್ಳಲ್ಲ ಅಂತ ಟೀಚರ್ ಹೇಳಿದ್ದಾರೆ, ಯಾರು ಸರಿ?’ ಎಂದು ಕೇಳಿದಳಂತೆ. ಜೊತೆಗೆ ಇನ್ನೂ ಮೂರು ಪ್ರಶ್ನೆ ಕಳಿಸಿದ್ದಾಳೆ. ಸತ್ತ ಜೇಡದ ಕಾಲು ಯಾಕೆ ಮಡಚಿರುತ್ತದೆ? ಅಷ್ಟು ಸಣ್ಣ ಮಿಡತೆ ಅಷ್ಟು ದೂರ ಹೇಗೆ ಜಿಗಿಯುತ್ತದೆ? ಸ್ನಾಯು ತಳ್ಳುವುದಿಲ್ಲ ಎಂದಾದರೆ ನಾಲಿಗೆ ಹೇಗೆ ಹೊರಗೆ ಬರುತ್ತದೆ?

ಟೀಚರ್ ಸರಿ, ನಾವು ತಪ್ಪು. ಆ ಸಾಲು ಅಚ್ಚಿಗೆ ಹೋಗುವ ಮೊದಲು ಕೊನೆಯದಾಗಿ ಓದಿದ್ದು ನಾನೇ. ಅಲ್ಲೇ ಹಿಡಿಯಬೇಕಿತ್ತು. ಮಗಳಿಗೆ ನನ್ನ ಧನ್ಯವಾದ ತಿಳಿಸಿ.

ಸ್ನಾಯುವಿನ ಒಳಗೆ ಎರಡು ಬಗೆಯ ಎಳೆಗಳಿವೆ. ದಪ್ಪನೆಯದು ಮಯೋಸಿನ್, ತೆಳ್ಳನೆಯದು ಆ್ಯಕ್ಟಿನ್. ಮಯೋಸಿನ್ ಎಳೆಯ ಮೇಲೆ ಪುಟ್ಟ ಪುಟ್ಟ ತಲೆಗಳಿವೆ. ಒಂದೊಂದು ತಲೆಯೂ ಆ್ಯಕ್ಟಿನ್ ಎಳೆಯನ್ನು ಹಿಡಿಯುತ್ತದೆ, ಜಗ್ಗುತ್ತದೆ, ಬಿಡುತ್ತದೆ, ಸ್ವಲ್ಪ ಮುಂದೆ ಮತ್ತೆ ಹಿಡಿಯುತ್ತದೆ. ಬಾವಿಯಿಂದ ನೀರು ಸೇದುವಾಗ ಕೈ ಬದಲಿಸುತ್ತಾ ಹಗ್ಗ ಎಳೆಯುತ್ತೇವಲ್ಲ, ಹಾಗೆ. ಎಳೆಗಳು ಗಿಡ್ಡವಾಗುವುದಿಲ್ಲ. ಒಂದರ ನಡುವೆ ಇನ್ನೊಂದು ಜಾರುತ್ತದೆ. 1954ರಲ್ಲಿ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ತಂಡಗಳು ಈ ವಿಷಯ ಹೇಳಿದವು. ಒಂದರಲ್ಲಿ ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್, ಇನ್ನೊಂದರಲ್ಲಿ ಆಂಡ್ರ್ಯೂ ಹಕ್ಸ್‌ಲಿ ಮತ್ತು ರಾಲ್ಫ್ ನೀಡರ್ಗರ್ಕೆ. ಇಬ್ಬರು ಹಕ್ಸ್‌ಲಿಗಳೂ ಸಂಬಂಧಿಕರಲ್ಲ.

ಈ ತಲೆಗಳಿಗೆ ಜಗ್ಗಲು ಗೊತ್ತು, ನೂಕಲು ಗೊತ್ತಿಲ್ಲ. ಹಿಡಿತ ಬಿಟ್ಟರೆ ಸ್ನಾಯು ಸಡಿಲವಾಗುತ್ತದೆ, ಆದರೆ ತಾನಾಗಿ ಉದ್ದವಾಗುವುದಿಲ್ಲ. ಬೇರೆ ಏನಾದರೂ ಅದನ್ನು ಎಳೆದು ಉದ್ದ ಮಾಡಬೇಕು. ನಮ್ಮ ತೋಳಿನಲ್ಲಿ ಅದಕ್ಕೆ ಎದುರು ಬದಿಯ ಸ್ನಾಯು ಇದೆ. ಬೈಸೆಪ್ಸ್ ಮಡಚುತ್ತದೆ, ಟ್ರೈಸೆಪ್ಸ್ ಚಾಚುತ್ತದೆ.

ಜೇಡಕ್ಕೆ ಆ ಅನುಕೂಲ ಇಲ್ಲ. ಅದರ ಕಾಲಿನ ಎರಡು ಮುಖ್ಯ ಕೀಲುಗಳಲ್ಲಿ ಮಡಚುವ ಸ್ನಾಯು ಇದೆ, ಚಾಚುವ ಸ್ನಾಯುವೇ ಇಲ್ಲ. ಮೈಯೊಳಗಿನ ದ್ರವವನ್ನು ಒತ್ತಡದಿಂದ ಕಾಲಿಗೆ ನುಗ್ಗಿಸಿ ಅದು ಕಾಲು ಚಾಚುತ್ತದೆ. ಸತ್ತ ಮೇಲೆ ಒತ್ತಡ ಇಳಿಯುತ್ತದೆ. ಚಾಚಿ ಹಿಡಿಯಲು ಏನೂ ಉಳಿಯುವುದಿಲ್ಲ. ಎಂಟೂ ಕಾಲು ಒಳಕ್ಕೆ ಮಡಚಿಕೊಳ್ಳುತ್ತವೆ. ಕಪ್ಪೆಚಿಪ್ಪಿನದು ಇದಕ್ಕೆ ಸರಿಯಾಗಿ ಉಲ್ಟಾ. ಅದರ ಸ್ನಾಯು ಚಿಪ್ಪನ್ನು ಮುಚ್ಚುತ್ತದೆ. ತೆರೆಯುವುದು ಬೆನ್ನಿನ ಕಡೆ ಇರುವ ಸ್ಪ್ರಿಂಗಿನಂಥ ಪಟ್ಟಿ. ಹಾಗಾಗಿ ಸತ್ತ ಕಪ್ಪೆಚಿಪ್ಪು ಬಾಯಿ ತೆರೆದುಕೊಳ್ಳುತ್ತದೆ. ಒಂದು ಮಡಚಿಕೊಳ್ಳುತ್ತದೆ, ಇನ್ನೊಂದು ತೆರೆದುಕೊಳ್ಳುತ್ತದೆ, ಎರಡಕ್ಕೂ ಕಾರಣ ಒಂದೇ. ನನಗೆ ಬಹಳ ಇಷ್ಟವಾದ ಜೋಡಿ ಇದು.

ಈಗ ಮಿಡತೆ. ಅದಕ್ಕೆ ಮೊದಲು ಸ್ವಲ್ಪ ಲೆಕ್ಕ ಬೇಕು. ಎಳೆಗಳ ಒಂದು ಚಿಕ್ಕ ಕಂತೆಗೆ ಸಾರ್ಕೋಮಿಯರ್ ಎನ್ನುತ್ತಾರೆ. ನಮ್ಮ ಸ್ನಾಯುವಿನಲ್ಲಿ ಅದರ ಉದ್ದ ಸುಮಾರು 2.5 ಮೈಕ್ರೋಮೀಟರ್. 1 ಸೆಂಟಿಮೀಟರ್ ಉದ್ದದ ಸ್ನಾಯುತಂತುವಿನಲ್ಲಿ ಇಂಥ 4000 ಕಂತೆಗಳು ಸರಪಳಿಯಂತೆ ಕೂಡಿಕೊಂಡಿರುತ್ತವೆ. ಒಂದೊಂದೂ 0.5 ಮೈಕ್ರೋಮೀಟರ್ ಕುಗ್ಗಿದರೆ ತಂತು 2 ಮಿಲಿಮೀಟರ್ ಕುಗ್ಗುತ್ತದೆ. ತಂತು 10 ಸೆಂಟಿಮೀಟರ್ ಇದ್ದರೆ ಅಷ್ಟೇ ಹೊತ್ತಿನಲ್ಲಿ 2 ಸೆಂಟಿಮೀಟರ್. ಅಂದರೆ ಉದ್ದದ ತಂತು ದೂರ ಎಳೆಯುತ್ತದೆ, ಬೇಗ ಎಳೆಯುತ್ತದೆ. ಆದರೆ ಬಲ ಹೆಚ್ಚುವುದಿಲ್ಲ. ಸರಪಳಿಗೆ ಕೊಂಡಿ ಸೇರಿಸಿದರೆ ಸರಪಳಿ ಉದ್ದವಾಗುತ್ತದೆಯೇ ಹೊರತು ಗಟ್ಟಿಯಾಗಲ್ಲ, ಅಲ್ವಾ? ಬಲ ಬೇಕಾದರೆ ಪಕ್ಕಪಕ್ಕದಲ್ಲಿ ಜಾಸ್ತಿ ತಂತುಗಳಿರಬೇಕು.

ಜಾಗ ಕಡಿಮೆ ಇದ್ದಾಗ ಏನು ಮಾಡುವುದು? ಗಿಡ್ಡ ತಂತುಗಳನ್ನು ಹಕ್ಕಿಯ ಗರಿಯ ಹಾಗೆ ಓರೆಯಾಗಿ ಜೋಡಿಸುವುದು. ನಮ್ಮ ಮೀನಖಂಡದ ಸ್ನಾಯು ಹಾಗೇ ಇದೆ. ಮಿಡತೆಯ ಹಿಂಗಾಲಿನ ತೊಡೆಯಲ್ಲಂತೂ ಇದು ಕಣ್ಣಿಗೇ ಕಾಣುತ್ತದೆ. ಮಗಳಿಗೆ ಒಂದು ಭೂತಗನ್ನಡಿ ಕೊಡಿ. ದಪ್ಪ ತೊಡೆಯ ಹೊರಮೈಯಲ್ಲಿ ಮೀನಿನ ಮುಳ್ಳಿನ ಹಾಗೆ ಓರೆ ಗೆರೆಗಳ ಸಾಲು ಕಾಣುತ್ತದೆ. ಆ ಗೆರೆಗಳು ಸುಮ್ನೆ ಚಿತ್ತಾರವಲ್ಲ. ಒಳಗಿನ ಸ್ನಾಯುವಿನ ಕಂತೆಗಳು ಚಿಪ್ಪಿಗೆ ಅಂಟಿಕೊಂಡಿರುವ ಜಾಗಗಳ ಗುರುತು ಅದು.

ಆದರೂ ಈ ಬಲಶಾಲಿ ಸ್ನಾಯುವಿಗೆ ನೇರವಾಗಿ ಮಿಡತೆಯನ್ನು ಚಿಮ್ಮಿಸಲು ಆಗುವುದಿಲ್ಲ. ಬೇಗ ಬೇಗ ಕುಗ್ಗಿದಷ್ಟೂ ಸ್ನಾಯುವಿನ ಬಲ ಇಳಿಯುತ್ತದೆ. ಇದನ್ನು ಶರೀರವಿಜ್ಞಾನಿ ಎ.ವಿ. ಹಿಲ್ 1938ರಲ್ಲಿ ಕಪ್ಪೆಯ ಸ್ನಾಯುವಿನಲ್ಲಿ ಅಳೆದು ತೋರಿಸಿದರು. ಹಾಗಾಗಿ ಮಿಡತೆ ನಿಧಾನವಾಗಿ ಎಳೆಯುತ್ತದೆ. ಮೊದಲು ಕಾಲನ್ನು ಪೂರ್ತಿ ಮಡಚಿ, ಮಡಚುವ ಸ್ನಾಯುವಿನಿಂದ ಅದನ್ನು ಹಾಗೇ ಬಿಗಿ ಹಿಡಿಯುತ್ತದೆ. ಆ ಸ್ನಾಯು ಚಿಕ್ಕದು, ಆದರೆ ಕಾಲು ಮಡಚಿದ್ದಾಗ ಸನ್ನೆಗೋಲಿನ ಲಾಭ ಅದರ ಕಡೆಗಿರುತ್ತದೆ. ಅದೇ ಹೊತ್ತಿಗೆ ಚಾಚುವ ದೊಡ್ಡ ಸ್ನಾಯು ಸುಮಾರು ಅರ್ಧ ಸೆಕೆಂಡು ಜಗ್ಗುತ್ತದೆ. ಕಾಲು ಕದಲುವುದಿಲ್ಲ. ಮೊಣಕಾಲಿನ ಬಳಿ ಇರುವ ಬಿಲ್ಲಿನಾಕಾರದ ಗಟ್ಟಿ ಭಾಗ ಬಾಗುತ್ತದೆ. ಹಿಡಿದಿದ್ದ ಸ್ನಾಯು ಬಿಟ್ಟೊಡನೆ ಬಾಗಿದ್ದು ನೆಟ್ಟಗಾಗುತ್ತದೆ, ಸುಮಾರು 30 ಮಿಲಿಸೆಕೆಂಡಿನಲ್ಲಿ ಕಾಲು ಚಾಚಿ ಮಿಡತೆ ನೆಲ ಬಿಟ್ಟಿರುತ್ತದೆ. ನಮ್ಮ ಲೇಖನದಲ್ಲಿ ‘ತಳ್ಳಿದ್ದು’ ಎಂದು ಬರೆದದ್ದು ಈ ಬಿಲ್ಲಿನ ಕೆಲಸ. ಸ್ನಾಯು ಮಾಡಿದ್ದು ಅದನ್ನು ಬಗ್ಗಿಸುವ ಕೆಲಸ ಮಾತ್ರ.

ಸಾರ್ಕೋಮಿಯರಿನ ಉದ್ದವೂ ಎಲ್ಲ ಪ್ರಾಣಿಗಳಲ್ಲಿ ಒಂದೇ ಅಲ್ಲ. ಚಿಪ್ಪು ಒಡೆದು ತಿನ್ನುವ ಏಡಿಗಳ ಇಕ್ಕುಳದಂಥ ಕೈಯಲ್ಲಿ ಅದು 10 ಮೈಕ್ರೋಮೀಟರಿಗಿಂತಲೂ ಉದ್ದ ಇರುವುದುಂಟು. ಉದ್ದನೆಯ ಎಳೆ, ಒಟ್ಟಿಗೆ ಹಿಡಿಯುವ ತಲೆಗಳೂ ಜಾಸ್ತಿ. ಹಿಡಿತ ಭಯಂಕರ, ವೇಗ ಕಡಿಮೆ. ಸ್ಕ್ವಿಡ್ ಎಂಬ ಕಡಲಜೀವಿಯ, ಬೇಟೆಯತ್ತ ಚಿಮ್ಮುವ ಎರಡು ಉದ್ದ ತೋಳುಗಳಲ್ಲಿ ಅದು ಬಹಳ ಗಿಡ್ಡ, ಹಾಗಾಗಿ ವೇಗ ಜಾಸ್ತಿ.

ಆ ಸ್ಕ್ವಿಡ್ ತೋಳಿನಲ್ಲೇ ನಾಲಿಗೆಯ ಪ್ರಶ್ನೆಗೂ ಉತ್ತರ ಇದೆ. ಅದರೊಳಗೆ ಮೂಳೆ ಇಲ್ಲ. ಅಡ್ಡಲಾಗಿರುವ ಸ್ನಾಯುಗಳು ಕುಗ್ಗಿ ತೋಳನ್ನು ಹಿಂಡುತ್ತವೆ. ಒಳಗಿರುವ ನೀರಿನಂಶ ಎಲ್ಲೂ ಹೋಗುವಂತಿಲ್ಲ, ಹಾಗಾಗಿ ತೋಳು ಸಪೂರವಾಗಿ ಉದ್ದವಾಗುತ್ತದೆ. ಹಿಟ್ಟಿನ ಮುದ್ದೆಯನ್ನು ಮುಷ್ಟಿಯಲ್ಲಿ ಹಿಂಡಿದರೆ ತುದಿಯಿಂದ ಹೊರಬರುವ ಹಾಗೆ. ನಾಲಿಗೆಯೂ ಆನೆಯ ಸೊಂಡಿಲೂ ಇದೇ ಜಾತಿಯವು. ನಾಲಿಗೆಗೆ ಇನ್ನೊಂದು ಸಹಾಯವೂ ಇದೆ. ಗದ್ದದ ಮೂಳೆಯ ಒಳಬದಿಗೆ ಅಂಟಿಕೊಂಡಿರುವ ಸ್ನಾಯು ಅದರ ಬುಡವನ್ನು ಮುಂದಕ್ಕೆ ಎಳೆಯುತ್ತದೆ. ಮಗಳು ಕನ್ನಡಿಯ ಮುಂದೆ ನಿಂತು ನಾಲಿಗೆಯನ್ನು ಆದಷ್ಟೂ ಉದ್ದಕ್ಕೆ ಚಾಚಿ ನೋಡಲಿ. ತುದಿ ಮುಂದೆ ಹೋದಂತೆ ನಾಲಿಗೆ ಸಪೂರವಾಗುವುದು ಕಾಣುತ್ತದೆ.

ತಿದ್ದುಪಡಿ ಇದೇ ಸಂಚಿಕೆಯಲ್ಲಿದೆ. ಮಿಡತೆ ಕಾಲಿನ ಚಿತ್ರವನ್ನೂ ಹೊಸದಾಗಿ ಬರೆಸಿದ್ದೇವೆ, ಎರಡೂ ಸ್ನಾಯುಗಳಿಗೆ ಎಳೆಯುವ ದಿಕ್ಕಿನ ಬಾಣ ಹಾಕಿ.

– ಸಂಪಾದಕ