ಚಾರ್ಮಾಡಿಯ ಮಳೆಗೆ, ಮುನ್ನೂರು ಕುದುರೆಯ ಕಾರಿಗೆ ಯಾವ ಟೈರ್?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ. ಕಳೆದ ವರ್ಷ ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಪೋರ್ಷೆ 718 ಕೇಮನ್ ತಗೊಂಡೆ. 18 ಇಂಚಿನ ವೀಲ್. ಮುಂದೆ 235/45, ಹಿಂದೆ 265/45. ಹಿಂದಿನ ಎರಡು ಟೈರ್ ಸವೆದಿವೆ, ಮುಂದಿನವು ನೋಡಲು ಚೆನ್ನಾಗಿವೆ. ಹೇಗೂ ಬದಲಾಯಿಸುತ್ತೀಯಲ್ಲ, 20 ಇಂಚಿಗೆ ಹೋಗು, ಟ್ರ್ಯಾಕ್‌ನವರು ಹಾಕುವ ಸೆಮಿ ಸ್ಲಿಕ್ ಹಾಕಿಸು, ಇಷ್ಟು ಪವರ್ ಇರುವ ಗಾಡಿಗೆ ಅಷ್ಟು ಗ್ರಿಪ್ ಬೇಕೇ ಬೇಕು ಎಂದು ಸ್ನೇಹಿತರು ಹೇಳುತ್ತಾರೆ. ವರ್ಷಕ್ಕೊಮ್ಮೆ ಚೆನ್ನೈ ಟ್ರ್ಯಾಕ್‌ಗೆ ಒಯ್ಯುವ ಆಸೆಯೂ ಇದೆ. ಏನು ಮಾಡಲಿ ಸರ್?
– ಓದುಗರು, ಮೂಡಿಗೆರೆ ತಾಲ್ಲೂಕು

ಉತ್ತರ: ಸೆಮಿ ಸ್ಲಿಕ್ ಬೇಡ. 20 ಇಂಚೂ ಬೇಡ. ಈಗಿರುವ ಅಳತೆಯಲ್ಲೇ, ಮಳೆಯಲ್ಲಿ ಚೆನ್ನಾಗಿ ಹಿಡಿಯುವ ರಸ್ತೆ ಟೈರನ್ನು ನಾಲ್ಕಕ್ಕೂ ಒಂದೇ ಕಂಪನಿಯದ್ದು ಹಾಕಿಸಿ.

ನಿಮ್ಮ ಸ್ನೇಹಿತರ ಲೆಕ್ಕದಲ್ಲಿ ಮಳೆ ಬಿಟ್ಟುಹೋಗಿದೆ. ಮೃಗಶಿರಾ ಹಿಡಿದರೆ ಆಶ್ಲೇಷ ಮುಗಿಯುವವರೆಗೆ ಕೊಟ್ಟಿಗೆಹಾರದ ಕಡೆ ರಸ್ತೆ ಒಣಗುವುದೇ ಅಪರೂಪ. ನಿಮ್ಮ ಎಂಜಿನ್ 2 ಲೀಟರಿನ ಟರ್ಬೊ, 300 ಅಶ್ವಶಕ್ತಿ. 380 ನ್ಯೂಟನ್ ಮೀಟರ್ ಟಾರ್ಕ್ (ಚಕ್ರ ತಿರುಗಿಸುವ ಬಲ) 1,950 ಆರ್‌ಪಿಎಂನಲ್ಲೇ ಪೂರ್ತಿ ಸಿಗುತ್ತದೆ, ಅದೂ ಹಿಂದಿನ ಎರಡೇ ಚಕ್ರಕ್ಕೆ. ಅಂದರೆ ಎರಡನೇ ಗೇರಿನಲ್ಲಿ ತಿರುವು ಮುಗಿಸಿ ಕಾಲನ್ನು ಸ್ವಲ್ಪ ಜಾಸ್ತಿ ಒತ್ತಿದರೂ ಒದ್ದೆ ರಸ್ತೆಯಲ್ಲಿ ಹಿಂಭಾಗ ಹೊರಗೆ ಜಾರಲು ಅಷ್ಟೇ ಸಾಕು. ಕಾರಿನ ಎಲೆಕ್ಟ್ರಾನಿಕ್ಸ್ ತಡೆಯುತ್ತದೆ, ನಿಜ. ಆದರೆ ಅದು ಟೈರಿನಲ್ಲಿ ಇರುವ ಹಿಡಿತವನ್ನು ಬಳಸಿಕೊಳ್ಳಬಲ್ಲದೇ ಹೊರತು, ಇಲ್ಲದ್ದನ್ನು ತಂದುಕೊಡಲಾರದು.

ಒಂದೊಂದು ಟೈರ್ ನೆಲವನ್ನು ಮುಟ್ಟುವುದು ಹೆಚ್ಚು ಕಡಿಮೆ ಒಂದು ಅಂಗೈಯಷ್ಟು ಜಾಗದಲ್ಲಿ. ನೀರು ನಿಂತ ಕಡೆ ಆ ಅಂಗೈಯಗಲದ ಜಾಗದಿಂದ ನೀರನ್ನು ಗ್ರೂವ್‌ಗಳು, ಅಂದರೆ ಟೈರಿನ ಮೇಲಿನ ಗೀರುಗಳು, ಆಚೆ ತಳ್ಳಬೇಕು. ತಳ್ಳುವುದು ತಡವಾಯಿತೋ, ಟೈರ್ ನೀರಿನ ಮೇಲೆ ತೇಲುತ್ತದೆ. ಆಗ ಸ್ಟೀರಿಂಗೂ ಇಲ್ಲ, ಬ್ರೇಕೂ ಇಲ್ಲ. ಟೈರ್ ಅಗಲವಾದಷ್ಟೂ ಅದು ತಳ್ಳಬೇಕಾದ ನೀರು ಜಾಸ್ತಿ. ನಿಮ್ಮ ಹಿಂದಿನ ಟೈರ್ 265 ಮಿಲಿಮೀಟರ್ ಅಗಲ. ನಿಮ್ಮ ತೋಟದ ಜೀಪಿನ ಕಿರಿದಾದ ಟೈರ್ ನೀರನ್ನು ಸೀಳಿಕೊಂಡು ಹೋಗುವ ಕಡೆ ನಿಮ್ಮ ಕೇಮನ್ ತೇಲಬಹುದು. ಸೆಮಿ ಸ್ಲಿಕ್‌ನಲ್ಲಿ ಗ್ರೂವ್‌ಗಳೇ ಕಡಿಮೆ. ಮೇಲಾಗಿ ಅದರ ರಬ್ಬರ್ ಕಾವೇರಿದ ಮೇಲೆ ಹಿಡಿಯುವಂಥದ್ದು. ಪೈಲಟ್ ಸ್ಪೋರ್ಟ್ ಕಪ್ 2, ಪಿ ಜೀರೋ ಟ್ರೋಫಿಯೊ ಆರ್‌ನಂಥ ಸೆಮಿ ಸ್ಲಿಕ್‌ಗಳು ಅದ್ಭುತ ಟೈರ್‌ಗಳು, ಒಣಗಿದ ಬಿಸಿ ಟ್ರ್ಯಾಕ್‌ನಲ್ಲಿ. ಜುಲೈ ತಿಂಗಳ ಚಾರ್ಮಾಡಿಯಲ್ಲಿ ನೀವು ಸರಿಯಾಗಿ ಓಡಿಸಿದರೆ ಅವು ಬಿಸಿಯಾಗುವುದೇ ಇಲ್ಲ.

ಮಳೆಗಾಲಕ್ಕಿಂತ ನಾನು ಹೆಚ್ಚು ಹೆದರುವುದು ಕಾಫಿ ಹೂ ಅರಳಿಸುವ ಮಾರ್ಚ್–ಏಪ್ರಿಲ್‌ನ ಹೂಮಳೆಗೆ. ತೋಟದವರೆಲ್ಲ ಕಾದು ಕುಳಿತ ಮಳೆ ಅದು, ಸಂತೋಷದಲ್ಲಿ ಗಾಡಿ ತೆಗೆಯುತ್ತೇವೆ. ಆದರೆ ನಾಲ್ಕೈದು ತಿಂಗಳಿನಿಂದ ರಸ್ತೆಗೆ ಬಿದ್ದ ಡೀಸೆಲ್, ಆಯಿಲ್, ಧೂಳು ಎಲ್ಲ ಆ ಮೊದಲ ಹತ್ತು ನಿಮಿಷದಲ್ಲಿ ನೊರೆಯಂತೆ ಮೇಲೇಳುತ್ತದೆ. ಕೊಯ್ಲಿನ ಸಮಯದಲ್ಲಿ ಟ್ರ್ಯಾಕ್ಟರ್ ಚಕ್ರ ತೋಟದಿಂದ ಹೊತ್ತು ತಂದ ಕೆಮ್ಮಣ್ಣು, ಸಿಲ್ವರ್ ಓಕ್ ಮರದ ಎಲೆ – ಇವೂ ಅದರೊಟ್ಟಿಗೆ ಸೇರುತ್ತವೆ. ಅಂಥ ದಿನ ಯಾವ ಟೈರೂ ಪೂರ್ತಿ ಕಾಪಾಡುವುದಿಲ್ಲ, ನಿಧಾನವೇ ದಾರಿ.

ಈಗ 20 ಇಂಚಿನ ಮಾತು. ನಿಮ್ಮ 235/45 ಟೈರಿನ ಅಗಲ 235 ಮಿಲಿಮೀಟರ್, ಪಕ್ಕೆಯ ಎತ್ತರ ಅದರ ನೂರಕ್ಕೆ 45 ಭಾಗ, ಅಂದರೆ ಸುಮಾರು 106 ಮಿಲಿಮೀಟರ್. 235/35 ಆದರೆ 82. ಹೊರಗಿನ ವ್ಯಾಸ ಹೆಚ್ಚು ಕಡಿಮೆ ಒಂದೇ, ಆದರೆ ಗುಂಡಿಗೂ ರಿಮ್ಮಿಗೂ ನಡುವಿನ ರಬ್ಬರಿನಲ್ಲಿ 24 ಮಿಲಿಮೀಟರ್ ಹೋಯಿತು. ಆಲ್ದೂರು, ಬಾಳೆಹೊನ್ನೂರು ಕಡೆ ಮಳೆಗಾಲ ಕಳೆದ ಮೇಲೆ ರಸ್ತೆ ಹೇಗಿರುತ್ತದೆಂದು ನಿಮಗೆ ಗೊತ್ತು. ನೀರು ತುಂಬಿದ ಗುಂಡಿಯ ಆಳ ಕಾಣುವುದಿಲ್ಲ, ಒಂದೇ ಏಟಿಗೆ ಪಕ್ಕೆ ಸೀಳಿ ರಿಮ್ ಡೊಂಕಾಗುತ್ತದೆ. ನಿಮ್ಮ ಕಾರಿನಲ್ಲಿ ಸ್ಟೆಪ್ನಿ ಇಲ್ಲ, ಇರುವುದು ಪಂಕ್ಚರ್ ದ್ರಾವಣ ಮತ್ತು ಗಾಳಿ ಹಾಕುವ ಸಣ್ಣ ಪಂಪು. ಸೀಳಿದ ಪಕ್ಕೆಗೆ ಅದರಿಂದ ಏನೂ ಆಗದು. ನಿಮ್ಮ ಜಿಲ್ಲೆಯ ತೋಟದ ರಸ್ತೆಗಳಲ್ಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್‌ಶಿಪ್ಪಿನ ರ‍್ಯಾಲಿ ನಡೆದಾಗ ನೀವೂ ನೋಡಿರಬೇಕು. 2013, 2016, 2017 – ಮೂರು ಸಲ ಆ ಚಾಂಪಿಯನ್‌ಶಿಪ್ ಗೆದ್ದ ಗೌರವ್ ಗಿಲ್ ಓಡಿಸಿದ ಮಣ್ಣು ಅದು. ರ‍್ಯಾಲಿಯವರು ಮಣ್ಣಿಗೆ 15 ಇಂಚಿನ ರಿಮ್, ಎತ್ತರದ ಪಕ್ಕೆಯ ಟೈರ್ ಹಾಕುತ್ತಾರೆ. ನುಣುಪು ಡಾಂಬರಿಗೆ 18. ಅಂಥ ವೇಗದವರೇ ಕೆಟ್ಟ ರಸ್ತೆಗೆ ರಿಮ್ ಚಿಕ್ಕದು ಮಾಡಿಕೊಳ್ಳುವಾಗ ನೀವು ಯಾಕೆ ದೊಡ್ಡದು ಮಾಡಿಕೊಳ್ಳಬೇಕು?

ಮುಂದಿನ ಟೈರ್ ಚೆನ್ನಾಗಿವೆ ಎಂದಿದ್ದೀರಿ. ಇದನ್ನು ನಾನು ಕಣ್ಣಿಗೆ ಬಿಡುವುದಿಲ್ಲ. ಕೆಲವು ವರ್ಷದ ಹಿಂದೆ ನನ್ನ ಹಾಸನದ ಅಂಗಡಿಗೆ ಒಂದು ಸ್ಪೋರ್ಟ್ಸ್ ಕಾರ್ ಬಂತು, ಅಲೈನ್‌ಮೆಂಟ್ ಮಾತ್ರ ನೋಡಿ ಅಂತ. ಹೊರಗಿನಿಂದ ನೋಡಿದರೆ ಬಟನ್ (ಗ್ರೂವ್‌ಗಳ ನಡುವೆ ಎದ್ದು ನಿಂತ ರಬ್ಬರ್) ಅರ್ಧಕ್ಕಿಂತ ಜಾಸ್ತಿ ಇತ್ತು. ಲಿಫ್ಟ್ ಏರಿಸಿ, ಹಿಂದಿನ ಟೈರಿನ ಒಳ ಅಂಚಿಗೆ ಕೈ ಹಾಕಿ ಸವರಿದೆ. ತೋರುಬೆರಳಿಗೆ ಏನೋ ಚುಚ್ಚಿತು. ಟಾರ್ಚ್ ಹಿಡಿದು ನೋಡಿದರೆ ಎರಡು ಬೆರಳಗಲ ರಬ್ಬರೇ ಇಲ್ಲ, ಉಕ್ಕಿನ ತಂತಿ ತುಕ್ಕು ಹಿಡಿದು ಎದ್ದು ನಿಂತಿದೆ. ಅದೇ ಟೈರಿನಲ್ಲಿ ಅವರು ಹಿಂದಿನ ದಿನ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಶಿರಾಡಿ ಹತ್ತಿ ಬಂದಿದ್ದರು. ಇಂಥ ಕಾರುಗಳ ಚಕ್ರ ತಲೆಯ ಕಡೆ ಸ್ವಲ್ಪ ಒಳಕ್ಕೆ ವಾಲಿರುತ್ತದೆ, ತಿರುವಿನಲ್ಲಿ ಹಿಡಿತ ಸಿಗಲೆಂದು. ಹಾಗಾಗಿ ಮೊದಲು ಸವೆಯುವುದು ಒಳ ಅಂಚು. ನೀವೂ ನಾಲ್ಕು ಟೈರಿನ ಒಳ ಅಂಚನ್ನು ಲಿಫ್ಟ್ ಮೇಲೆ ನೋಡಿಸಿ.

ಆಮೇಲೆ ತಾರೀಖು ನೋಡಿ. ಪಕ್ಕೆಯ ಮೇಲೆ ‘ಡಾಟ್’ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ: 2319 ಎಂದಿದ್ದರೆ 2019ರ 23ನೇ ವಾರದ ಮಾಲು. ಕಡಿಮೆ ಓಡಿದ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರುಗಳಲ್ಲಿ ಬಟನ್ ಇರುತ್ತದೆ, ರಬ್ಬರ್ ಸತ್ತಿರುತ್ತದೆ. ಉಗುರು ಒತ್ತಿದರೆ ಕಲ್ಲಿನ ಹಾಗೆ. ಮುಂದಿನ ಟೈರಿಗೆ ಐದಾರು ವರ್ಷ ದಾಟಿದ್ದರೆ ಬಟನ್ ಎಷ್ಟೇ ಇರಲಿ ತೆಗೆದುಬಿಡಿ. ಗ್ರೂವ್ ಒಳಗಿನ ಸವಕಳಿ ಗುರುತು 1.6 ಮಿಲಿಮೀಟರಿನದ್ದು, ಆದರೆ ನಮ್ಮ ಮಳೆಗೆ ನಾನು ಅಲ್ಲಿಯವರೆಗೆ ಕಾಯಲು ಹೇಳುವುದಿಲ್ಲ. 3 ಮಿಲಿಮೀಟರ್ ಆದಾಗಲೇ ನೀರು ತಳ್ಳುವ ಶಕ್ತಿ ಬಹಳ ಇಳಿದಿರುತ್ತದೆ. ಮೇ ತಿಂಗಳಲ್ಲಿ ಅಳೆದು ತೀರ್ಮಾನ ಮಾಡಿ.

ಯಾವುದು ಕೊಳ್ಳಬೇಕು? ಮಿಷೆಲಿನ್ ಪೈಲಟ್ ಸ್ಪೋರ್ಟ್, ಪಿರೆಲ್ಲಿ ಪಿ ಜೀರೋ, ಕಾಂಟಿನೆಂಟಲ್ ಸ್ಪೋರ್ಟ್ ಕಾಂಟ್ಯಾಕ್ಟ್, ಗುಡ್‌ಇಯರ್ ಈಗಲ್ ಎಫ್1, ಬ್ರಿಡ್ಜ್‌ಸ್ಟೋನ್ ಪೊಟೆನ್ಜಾ ಸ್ಪೋರ್ಟ್ ಎಲ್ಲ ಒಂದೇ ದರ್ಜೆಯವು. ಇವುಗಳ ನಡುವೆ ತಲೆ ಕೆಡಿಸಿಕೊಳ್ಳಬೇಡಿ, ಮುಂದಿನ ಮತ್ತು ಹಿಂದಿನ ಅಳತೆ ಎರಡೂ ಹೊಸ ತಾರೀಖಿನಲ್ಲಿ ಒಟ್ಟಿಗೆ ಸಿಗುವುದನ್ನು ಹಿಡಿಯಿರಿ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರಿನ ಆಮದಿಗೆ ಪರವಾನಗಿ ಕಡ್ಡಾಯ ಮಾಡಿದ ಮೇಲೆ ಇಂಥ ಅಳತೆಗಳಿಗೆ ಕಾಯುವುದು ಮಾಮೂಲಾಯಿತು. ಸವೆದ ಮೇಲೆ ಹುಡುಕಲು ಹೊರಟರೆ ಗೋದಾಮಿನಲ್ಲಿ ಮೂರು ವರ್ಷ ಕುಳಿತ ಮಾಲನ್ನು ಕೈಗೆ ಕೊಡುತ್ತಾರೆ. ಹಣ ಕೊಡುವ ಮೊದಲು ನಾಲ್ಕೂ ಟೈರಿನ ತಾರೀಖಿನ ಫೋಟೊ ತರಿಸಿಕೊಳ್ಳಿ.

ಪೋರ್ಷೆ ಒಪ್ಪಿದ ಟೈರಿನ ಪಕ್ಕೆಯಲ್ಲಿ ಎನ್0, ಎನ್1 ಎಂಬ ಗುರುತು ಇರುತ್ತದೆ. ಸಿಕ್ಕರೆ ಅದನ್ನೇ ಹಾಕಿಸಿ, ನಾಲ್ಕಕ್ಕೂ ಒಂದೇ ಗುರುತು ಇರಲಿ. ಎನ್ ಗುರುತಿನದ್ದು ಹಳೆಯ ಮಾಲು, ಗುರುತಿಲ್ಲದ್ದು ಹೊಸದು ಎಂಬ ಪರಿಸ್ಥಿತಿ ಬಂದರೆ ನಾನು ಹೊಸದನ್ನೇ ಆರಿಸುತ್ತೇನೆ. ಕಾರು ವಾರಂಟಿಯಲ್ಲಿದ್ದರೆ ಮಾತ್ರ ಮೊದಲು ಸರ್ವಿಸ್‌ನವರನ್ನು ಕೇಳಿ. ಅಳತೆಯ ನಂತರ ಇರುವ ಸಂಖ್ಯೆ ಭಾರದ್ದು (101 ಅಂದರೆ ಒಂದು ಟೈರ್ 825 ಕೆ.ಜಿ. ಹೊರಬಲ್ಲದು), ಅಕ್ಷರ ವೇಗದ್ದು (ವೈ ಅಂದರೆ ಗಂಟೆಗೆ 300 ಕಿ.ಮೀ.). ಎರಡನ್ನೂ ಕಾರಿನ ಪುಸ್ತಕ ಹೇಳಿದ್ದಕ್ಕಿಂತ ಕೆಳಗಿಳಿಸಬೇಡಿ.

ಹಾಕುವ ಅಂಗಡಿಯವರಿಗೆ ಮೊದಲೇ ಹೇಳಿ: ವಾಲ್ವ್ ಬುಡದಲ್ಲಿ ಪ್ರೆಷರ್ ಸೆನ್ಸರ್ ಇದೆ, ಟೈರ್ ಬಿಡಿಸುವ ಮಿಷಿನ್ನಿನ ತುಟಿ ಅಲ್ಲಿ ಒತ್ತಬಾರದು. ಬೋಲ್ಟ್‌ಗಳನ್ನು ಏರ್ ಗನ್ನಿನಲ್ಲಿ ಬಿಗಿದು ಬಿಡಬಾರದು, ಕೊನೆಗೆ ಎಷ್ಟು ಬೇಕೋ ಅಷ್ಟೇ ಬಿಗಿಯುವ ಟಾರ್ಕ್ ರೆಂಚ್ ಹಿಡಿಯಲೇಬೇಕು. ಹೊಸ ಟೈರಿನ ಮೇಲ್ಮೈ ನುಣುಪಾಗಿರುತ್ತದೆ. ಮೊದಲ 300 ಕಿ.ಮೀ. ಮೆತ್ತಗೆ ಓಡಿಸಿ, ಆ ದಿನವೇ ಘಾಟಿಗೆ ಇಳಿಯಬೇಡಿ. ವರ್ಷಕ್ಕೊಂದು ದಿನದ ಚೆನ್ನೈ ಟ್ರ್ಯಾಕಿಗೆ ಇದೇ ರಸ್ತೆ ಟೈರ್ ಧಾರಾಳ ಸಾಕು. ನಾಲ್ಕೈದು ಸುತ್ತು ಹಾಕಿ ಒಂದು ಸುತ್ತು ತಣಿಸಿ.

ಪ್ರಶ್ನೆ: ನನ್ನ ಬಿಎಂಡಬ್ಲ್ಯು 330ಐಗೆ ಕಂಪನಿಯಿಂದಲೇ ರನ್ ಫ್ಲ್ಯಾಟ್ ಟೈರ್ ಬಂದಿದೆ. ಸಕಲೇಶಪುರದ ಕಡೆ ಹೋದರೆ ಬೆನ್ನಿಗೆ ಏಟು. ಮಾಮೂಲಿ ಟೈರ್ ಹಾಕಿಸಬಹುದೇ?
– ಓದುಗರು, ಹಾಸನ

ಉತ್ತರ: ಹಾಕಿಸಬಹುದು, ನಾಲ್ಕನ್ನೂ ಒಟ್ಟಿಗೆ. ಎರಡು ಅದು ಎರಡು ಇದು ಬೇಡವೇ ಬೇಡ. ಮೆತ್ತಗಾಗುತ್ತದೆ, ಒದ್ದೆ ರಸ್ತೆಯಲ್ಲೂ ನೆಲವನ್ನು ಬಿಡದೆ ಹಿಡಿಯುತ್ತದೆ. ಆದರೆ ಗಾಳಿ ಹೋದ ಮೇಲೂ ಗಂಟೆಗೆ 80ರ ವೇಗದಲ್ಲಿ ಸುಮಾರು 80 ಕಿ.ಮೀ. ಸಾಗುವ ಅನುಕೂಲವನ್ನು ಬಿಟ್ಟುಕೊಡುತ್ತೀರಿ. ಬಿಸಿಲೆ ಕಡೆ ರಾತ್ರಿ ಓಡಾಟ ಇರುವವರಾದರೆ ಯೋಚಿಸಿ. ಬದಲಾಯಿಸಿದರೆ ಡಿಕ್ಕಿಯಲ್ಲಿ ಪಂಪು ಮತ್ತು ಪಂಕ್ಚರ್ ಕಿಟ್ ಇರಲೇಬೇಕು. ಪಕ್ಕೆಗೆ ಆದ ತೂತಿಗೆ ಯಾರೇ ಪ್ಲಗ್ ಹಾಕಿಕೊಡುತ್ತೇನೆಂದರೂ ಒಪ್ಪಬೇಡಿ.

ಪ್ರಶ್ನೆ: ಹಾಸನದಲ್ಲಿ ಬೆಳಗ್ಗೆ 34 ಪಿಎಸ್‌ಐ ಹಾಕಿಸಿ ಮಂಗಳೂರು ಮುಟ್ಟಿದರೆ 38 ತೋರಿಸುತ್ತದೆ. ನೈಟ್ರೋಜನ್ ಹಾಕಿಸಿದರೆ ಸರಿಹೋಗುತ್ತದೆಯೇ?
– ಓದುಗರು, ಅರಸೀಕೆರೆ

ಉತ್ತರ: ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ. ಬಿಸಿಗೆ ಅದೂ ಹಿಗ್ಗುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಸುಮಾರು 2 ಪಿಎಸ್‌ಐ ಏರುತ್ತದೆ. ಓಡಿದ ಕಾವು ಬೇರೆ. ಹಾಸನದ ಎತ್ತರದಿಂದ ಕಡಲ ಮಟ್ಟಕ್ಕೆ ಇಳಿದಾಗ ಹೊರಗಿನ ಒತ್ತಡ ಹೆಚ್ಚಾಗಿ ಗೇಜಿನಲ್ಲಿ ಒಂದೂವರೆಯಷ್ಟು ಕಡಿಮೆಯಾಗುತ್ತದೆ. ಅದೆಲ್ಲ ಸೇರಿಯೇ ನಿಮಗೆ 38 ಕಾಣುತ್ತಿರುವುದು. ಅದು ಸರಿಯಾಗಿಯೇ ಇದೆ, ಬಿಸಿ ಟೈರಿನ ಗಾಳಿ ಬಿಡಬೇಡಿ. ಬಿಟ್ಟರೆ ಮರುದಿನ ಬೆಳಗ್ಗೆ 30ಕ್ಕೆ ಬಂದಿರುತ್ತದೆ, ಅದರಲ್ಲೇ ಶಿರಾಡಿ ಹತ್ತಿದರೆ ಟೈರಿನ ಅಂಚು ಬಿಸಿಯಾಗುತ್ತದೆ. ತಿಂಗಳಿಗೆರಡು ಸಲ, ಗಾಡಿ ತೆಗೆಯುವ ಮೊದಲು ಮನೆಯಲ್ಲೇ ನಿಮ್ಮದೇ ಗೇಜಿನಲ್ಲಿ ನೋಡಿಕೊಳ್ಳಿ.