14 ತಿಂಗಳಾದರೂ ಮಗು ನಡೆಯುತ್ತಿಲ್ಲ, ಚಿಂತಿಸಬೇಕೆ?

ನಡಿಗೆ ತಡವಾಗಿರುವುದೊಂದನ್ನೇ ಹಿಡಿದು ಈಗಲೇ ಗಾಬರಿಪಡಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದಂತೆ ಐದು ದೇಶಗಳ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ನಡೆಯತೊಡಗುವ ಅವಧಿ ಸುಮಾರು 8 ತಿಂಗಳಿಂದ ಹದಿನೇಳೂವರೆ ತಿಂಗಳವರೆಗೂ ಚಾಚಿಕೊಂಡಿದೆ. ಕೆಲವು ಮಕ್ಕಳಂತೂ ಅಂಬೆಗಾಲಿಡುವ ಗೋಜಿಗೇ ಹೋಗಿರಲಿಲ್ಲ. "ನಮ್ಮವನು ಒಂಬತ್ತು ತಿಂಗಳಿಗೇ ಓಡಾಡುತ್ತಿದ್ದ" ಎಂಬ ನೆಂಟರ ಮಾತನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಡಿ.

ಮಗು ಮಂಚದ ಅಂಚು ಹಿಡಿದು ಎದ್ದು ನಿಂತು, ಅಡ್ಡಡ್ಡವಾಗಿ ಹೆಜ್ಜೆ ಸರಿಸುತ್ತ, ಕೆಳಗೆ ಬಿದ್ದ ಚಮಚ ಹೆಕ್ಕಲು ಒಂದು ಕೈ ಬಿಟ್ಟು ಮೊಣಕಾಲು ಬಗ್ಗಿಸುತ್ತಿದ್ದರೆ, ನಡಿಗೆಗೆ ಬೇಕಾದ ಸಮತೋಲನ ಆಗಲೇ ಕೂಡಿಬರುತ್ತಿದೆ ಎಂದರ್ಥ. ಅವಧಿಗೆ ಮುನ್ನ ಹುಟ್ಟಿದ ಮಗುವಾದರೆ, ಎಷ್ಟು ವಾರ ಮುಂಚೆ ಹುಟ್ಟಿತೋ ಅಷ್ಟನ್ನು ವಯಸ್ಸಿನಿಂದ ಕಳೆದು ಲೆಕ್ಕ ಹಾಕಬೇಕು. ಗಾಲಿಯ ವಾಕರ್ ಮಾತ್ರ ಕೊಳ್ಳಬೇಡಿ. ಅದು ನಡಿಗೆಯನ್ನು ಬೇಗ ಕಲಿಸುವುದಿಲ್ಲ, ಮೆಟ್ಟಿಲಿಂದ ಉರುಳುವ ಅಪಾಯವೂ ಇದೆ. ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಮನೆಯೊಳಗೆ ಬರಿಗಾಲೇ ಲೇಸು.

ಆದರೆ ಮಗು ಇನ್ನೂ ಹಿಡಿದು ನಿಲ್ಲದಿದ್ದರೆ, ಒಂದೇ ಪಕ್ಕದ ಕೈಕಾಲುಗಳನ್ನು ಹೆಚ್ಚಾಗಿ ಬಳಸುತ್ತಿದ್ದರೆ, ಕಾಲುಗಳು ತೀರಾ ಬಿಗಿಯಾಗಿ ಅಥವಾ ಜೋಲಾಗಿ ಕಂಡರೆ, ಒಮ್ಮೆ ಕಲಿತದ್ದು ಮರೆಯಾದರೆ ಅಥವಾ 18 ತಿಂಗಳು ತುಂಬಿದರೂ ನಡೆಯದಿದ್ದರೆ, ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಇಂಥ ತಪಾಸಣೆಯನ್ನು ಸರ್ಕಾರ ಉಚಿತವಾಗಿ ಒದಗಿಸುತ್ತದೆ. ನಿಮ್ಮ ಅಂಗನವಾಡಿಯಲ್ಲಿ ವಿಚಾರಿಸಬಹುದು.