ಗೂಗಿ ಗಿಕುಯುವಿನಲ್ಲಿ ಬರೆದದ್ದು ಯಾಕೆ, ಓದಿದವರು ಯಾರು?

ಇಂಗ್ಲಿಷಿನಲ್ಲಿ ಅಷ್ಟು ಹೆಸರು ಮಾಡಿದ್ದ ಕೆನ್ಯಾದ ಲೇಖಕ ಗೂಗಿ ವಾ ಥಿಯಾಂಗೊ ತಮ್ಮ ತಾಯ್ನುಡಿ ಗಿಕುಯುವಿನಲ್ಲಿ ಬರೆಯಲು ಶುರು ಮಾಡಿದ್ದು ಯಾಕೆ, ಅದನ್ನು ಓದುವವರಾದರೂ ಯಾರು ಅಂತ ಕೇಳಿದ್ದೀರಿ. ಎರಡಕ್ಕೂ ಉತ್ತರ ಕಮಿರಿಥು ಎಂಬ ಊರಿನಲ್ಲಿ ಸಿಗುತ್ತದೆ.

ಕೆನ್ಯಾದ ಲಿಮುರು ಹತ್ತಿರದ ಊರು ಅದು. 1977ರಲ್ಲಿ ಅಲ್ಲಿನ ರೈತರು, ಕಾರ್ಮಿಕರು ಸೇರಿ ತಾವೇ ಬಯಲು ರಂಗಮಂದಿರ ಕಟ್ಟಿದರು. ಗೂಗಿ ಗೆಳೆಯರೊಬ್ಬರ ಜೊತೆ ಗಿಕುಯುವಿನಲ್ಲಿ ನಾಟಕ ಬರೆದುಕೊಟ್ಟರು. ತಾಲೀಮಿನಲ್ಲಿ ಊರಿನವರೇ ಗೂಗಿ ಬರೆದ ಮಾತುಗಳನ್ನು ತಿದ್ದುತ್ತಿದ್ದರು. ವಯಸ್ಸಾದವರ ಮಾತಿನ ವರಸೆ ಇದಲ್ಲ ಅಂತ ಹೇಳಿಕೊಡುತ್ತಿದ್ದರು. ಅಲ್ಲಿಯ ತನಕ ಗೂಗಿ ಬರೆದದ್ದು ಇಂಥ ಜನರ ಬಗ್ಗೆಯೇ, ಆದರೆ ಇವರಲ್ಲಿ ಹೆಚ್ಚಿನವರಿಗೆ ಓದಲಾಗದ ಭಾಷೆಯಲ್ಲಿ!

ಅದೇ ವರ್ಷ ಸರ್ಕಾರವನ್ನು ಖಾರವಾಗಿ ಟೀಕಿಸಿದ ಅವರ ಇಂಗ್ಲಿಷ್ ಕಾದಂಬರಿ ಬಂದಿತ್ತು. ಅದನ್ನು ಯಾರೂ ತಡೆಯಲಿಲ್ಲ. ನಾಟಕವನ್ನು ಮಾತ್ರ ಕೆಲವೇ ವಾರಗಳಲ್ಲಿ ನಿಲ್ಲಿಸಿದರು. ಡಿಸೆಂಬರ್ 31ಕ್ಕೆ ಗೂಗಿಯವರನ್ನು ಬಂಧಿಸಿದರು. ವಿಚಾರಣೆಯಿಲ್ಲದೆ ಹತ್ತಿರ ಹತ್ತಿರ ಒಂದು ವರ್ಷ ಕಮಿಟಿ ಎಂಬ ಹೆಸರಿನ ಜೈಲಿನಲ್ಲಿಟ್ಟರು. ಆಳುವವರಿಗೆ ಯಾವ ಭಾಷೆಯ ಭಯವಿತ್ತು ಅನ್ನೋದು ಇಲ್ಲೇ ಗೊತ್ತಾಗುತ್ತದೆ, ಅಲ್ವಾ?

ತಮ್ಮ ಮೊದಲ ಗಿಕುಯು ಕಾದಂಬರಿಯನ್ನು ಗೂಗಿ ಬರೆದದ್ದು ಆ ಜೈಲಿನಲ್ಲೇ, ಟಾಯ್ಲೆಟ್ ಪೇಪರಿನ ಮೇಲೆ. ಆ ಕಾಗದ ಒರಟಾಗಿತ್ತು, ಹಾಗಾಗಿ ಪೆನ್ನು ಚೆನ್ನಾಗಿ ಓಡುತ್ತಿತ್ತಂತೆ. 1980ರಲ್ಲಿ ಪುಸ್ತಕ ಬಂದಾಗ ಮನೆಗಳಲ್ಲಿ, ಬಸ್ಸುಗಳಲ್ಲಿ, ಬಾರುಗಳಲ್ಲಿ ಒಬ್ಬರು ಜೋರಾಗಿ ಓದಿದರೆ ಉಳಿದವರು ಸುತ್ತ ಕೂತು ಕೇಳುತ್ತಿದ್ದರು. ಓದು ಬಾರದವರಿಗೂ ಕಾದಂಬರಿ ತಲುಪಿತು. ನೀವು ಓದಬೇಕೆಂದರೆ ಅವರೇ ಮಾಡಿದ ಇಂಗ್ಲಿಷ್ ಅನುವಾದ 'ಡೆವಿಲ್ ಆನ್ ದ ಕ್ರಾಸ್' ಇದೆ. ಅದರಿಂದಲೇ ಶುರು ಮಾಡಿ.